ಎರಡನೆಯ ಬಾಗಿಲು

ಹದಿನಾಲ್ಕು ವರ್ಷಗಳ ವನವಾಸವನ್ನು ಮುಗಿಸಿ, ಲಂಕೆಯನ್ನು ಗೆದ್ದು, ಪುಷ್ಪಕ ವಿಮಾನವನ್ನೇರಿ ಮರಳಿದ ಶ್ರೀರಾಮಚಂದ್ರನು ನೆಟ್ಟಗೆ ಅಯೋಧ್ಯೆಗೆ ಹೋಗಿ ಇಳಿಯಲಿಲ್ಲವೆಂಬುದನ್ನು ವಾಲ್ಮೀಕಿ ರಾಮಾಯಣವನ್ನು ಓದಿದವರು ಬಲ್ಲರು. ಅವನು ದಾರಿಯಲ್ಲಿ ಭರದ್ವಾಜರ ಆಶ್ರಮದಲ್ಲಿ ತಂಗಿದನು. ಹನುಮಂತನನ್ನು ಮುಂದಾಗಿ ನಂದಿಗ್ರಾಮಕ್ಕೆ ಕಳುಹಿಸಿದನು. ತಾನು ಬರುತ್ತಿರುವ ಸುದ್ದಿ ಕಿವಿಗೆ ಬಿದ್ದಾಗ ಭರತನ ಮುಖ ಹೇಗಾಗುತ್ತದೆ, ಬಣ್ಣವೆಂಥದು, ನೋಟವೆಂಥದು, ಎಲ್ಲವನ್ನೂ ಚೆನ್ನಾಗಿ ಗಮನಿಸಿ ಬಾ ಎಂದು ಹೇಳಿ ಕಳುಹಿಸಿದನು. ಭರತನಂಥ ತಮ್ಮನ ವಿಷಯದಲ್ಲಿಯೂ ರಾಮನಂಥ ಅಣ್ಣನಿಗೆ ಈ ಸಂದೇಹವೇ ಎಂದು ನಾನು ವಿದ್ಯಾರ್ಥಿದೆಸೆಯಲ್ಲಿ ಬೆರಗಾಗಿದ್ದುಂಟು. ಈಗ ಆ ಬೆರಗು ಉಳಿದಿಲ್ಲ. ಬಹುಕಾಲ ದೂರವಿದ್ದು ಮನೆಗೆ ಮರಳುವವನಿಗೆ ಮೊದಲು ಬೇಕಾದುದು ಸಿಂಹಾಸನವಲ್ಲ, ತನ್ನನ್ನು ಕಂಡು ಅರಳುವ ಒಂದು ಮುಖ. ಅದು ಇದೆಯೋ ಇಲ್ಲವೋ ಎಂದು ತಿಳಿಯುವ ತನಕ ಅವನ ಕಾಲು ಮುಂದಕ್ಕೆ ಬರುವುದಿಲ್ಲ.

ಊರಿಗೆ ಮರಳುವವನು ದಾಟಬೇಕಾದ ಬಾಗಿಲುಗಳು ಎರಡು. ಮೊದಲನೆಯದು ದೇಶದ ಬಾಗಿಲು. ಅದಕ್ಕೆ ಕಾವಲುಗಾರರುಂಟು, ಕಾನೂನುಂಟು, ಮೊಹರುಂಟು. ಎರಡನೆಯದು ಊರಿನ ಬಾಗಿಲು. ಅದಕ್ಕೆ ಕದವೂ ಇಲ್ಲ, ಅಗಳಿಯೂ ಇಲ್ಲ. ನೆರೆಹೊರೆಯವರ ಮನಸ್ಸೇ ಅದರ ಕದ. ಸಾಮಾನ್ಯ ದಿನಗಳಲ್ಲಿ ಇವೆರಡೂ ತೆರೆದೇ ಇರುವುದರಿಂದ ಬಾಗಿಲುಗಳಿವೆಯೆಂಬ ನೆನಪೇ ನಮಗಿರುವುದಿಲ್ಲ. 2020ನೆಯ ಇಸವಿಯಲ್ಲಿ ಎರಡೂ ಒಮ್ಮೆಗೇ ಮುಚ್ಚಿದವು.

ಆ ವರ್ಷದ ಮಾರ್ಚ್ ತಿಂಗಳನ್ನು ಓದುಗರು ಮರೆತಿರಲಾರರು. ಮಾರ್ಚ್ 10ರಂದು ನಮ್ಮ ಕಲಬುರಗಿಯ ಎಪ್ಪತ್ತಾರು ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರು ಸೌದಿ ಅರೇಬಿಯದಿಂದ ಕೆಲವೇ ದಿನಗಳ ಹಿಂದೆ ಮರಳಿದ್ದರು. ಕೊರೋನಾದಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯ ಸಾವು ಅದೆಂದು ಎರಡು ದಿನಗಳಲ್ಲಿ ಖಚಿತವಾಯಿತು. ಮಾರ್ಚ್ 22ರಿಂದ ಹೊರದೇಶಗಳ ಪ್ರಯಾಣಿಕರ ವಿಮಾನಗಳು ಭಾರತಕ್ಕೆ ಬರುವುದು ನಿಂತಿತು. ಮೊದಲು ಒಂದು ವಾರಕ್ಕೆಂದು ಹೇಳಿದ ಆ ತಡೆ ಬೆಳೆಯುತ್ತ ಹೋಗಿ, ವೇಳಾಪಟ್ಟಿಯ ಪ್ರಕಾರ ಹಾರುವ ವಿಮಾನಗಳು ಮತ್ತೆ ಪೂರ್ಣವಾಗಿ ಆರಂಭವಾದುದು 2022ರ ಮಾರ್ಚ್ 27ರಂದು. ವಾರವೊಂದು ಎರಡು ವರ್ಷವಾಯಿತೆನ್ನಬಹುದು. ಮಾರ್ಚ್ 25ರಿಂದ ದೇಶದೊಳಗೂ ಲಾಕ್‌ಡೌನ್ ಬಂದಿತು. ಅಂದು ಯಾರು ಎಲ್ಲಿದ್ದರೋ ಅಲ್ಲಿಯೇ ಉಳಿದರು.

ಹಾಗೆ ಉಳಿದವರಲ್ಲಿ ನಮ್ಮ ನೆರೆಮನೆಯ ತರುಣನೂ ಒಬ್ಬ. ಬಳ್ಳಾರಿಯ ಕೋಟೆಗುಡ್ಡ ಕಾಣುವ ಓಣಿಯೊಂದರಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಯುದ್ದದ ಒಂದು ಗೋಡೆ. ಅವನ ತಾಯಿ ಸಿರುಗುಪ್ಪದ ಕಡೆಯವರು. ಹೆಂಡತಿಯ ತವರು ಕುರುಗೋಡು. ಆತ ದುಬೈ ನಗರದಲ್ಲಿ ಕಟ್ಟಡದ ಗುತ್ತಿಗೆಯವರ ಬಳಿ ಲೆಕ್ಕ ಬರೆಯುವ ಕೆಲಸದಲ್ಲಿದ್ದ. ಏಪ್ರಿಲ್ ತಿಂಗಳಲ್ಲಿ ಕೆಲಸ ಹೋಯಿತು. ಕೋಣೆ ಮಾತ್ರ ಉಳಿಯಿತು. ಆ ಕೋಣೆಯಲ್ಲಿ ಆರು ಜನ. ಒಬ್ಬನಿಗೆ ಕೆಮ್ಮು ಬಂದರೆ ಉಳಿದ ಐವರಿಗೆ ನಿದ್ದೆ ಹೋಗುತ್ತಿತ್ತು. ಊರಿನಲ್ಲಿ ಹೆಂಡತಿ ಎರಡೂವರೆ ವರ್ಷದ ಮಗನನ್ನು ಕರೆದುಕೊಂಡು ತವರಿಗೆ ಹೋಗಿದ್ದವಳು ಲಾಕ್‌ಡೌನಿನಿಂದಾಗಿ ಅಲ್ಲಿಯೇ ನಿಂತಿದ್ದಳು. ಸಂಜೆಯಾದರೆ ತಾಯಿ ಮೊಬೈಲನ್ನು ಗೋಡೆಯ ಮೇಲಿಟ್ಟುಕೊಂಡು ಮಗನೊಡನೆ ಮಾತಾಡುವುದು ನಮ್ಮ ಮನೆಯೊಳಗೂ ಕೇಳಿಸುತ್ತಿತ್ತು. “ಉಂಡೆಯಾ?” ಎಂದು ಈಕೆ, “ಉಂಡೆ ಅವ್ವಾ” ಎಂದು ಆತ. ಇಬ್ಬರೂ ನಿಜ ಹೇಳುತ್ತಿದ್ದರೆಂದು ನಾನು ಪ್ರಮಾಣ ಮಾಡಲಾರೆ.

ತನ್ನ ದೇಶಕ್ಕೆ ಮರಳುವ ಹಕ್ಕು ಮನುಷ್ಯಮಾತ್ರನಿಗೆ ಉಂಟೆಂದು 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಹೊರಡಿಸಿದ ಮಾನವ ಹಕ್ಕುಗಳ ಘೋಷಣೆಯ 13ನೆಯ ವಿಧಿಯಲ್ಲಿ ಬರೆದಿದೆ. ಯಾರನ್ನೂ ಮನಬಂದಂತೆ ಅವರ ಸ್ವದೇಶದ ಬಾಗಿಲಿನಲ್ಲಿ ತಡೆಯಲಾಗದೆಂಬ ಮಾತು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿದೆ. ಭಾರತವು ಅದನ್ನು 1979ರಲ್ಲಿ ಒಪ್ಪಿಕೊಂಡಿದೆ. ಆದರೆ ಹಕ್ಕಿಗೆ ರೆಕ್ಕೆಯಿಲ್ಲ. ಸಮುದ್ರವನ್ನು ದಾಟಲು ವಿಮಾನವೇ ಬೇಕು, ವಿಮಾನ ಇಳಿಯಲು ಅಪ್ಪಣೆ ಬೇಕು. ಆ ಅಪ್ಪಣೆ ದೊರೆತದ್ದು ಮೇ ತಿಂಗಳಲ್ಲಿ. ‘ವಂದೇ ಭಾರತ್’ ಎಂಬ ಹೆಸರಿನ ಕಾರ್ಯಾಚರಣೆಯ ಮೊದಲ ವಿಮಾನಗಳು ಮೇ 7ರಂದು ಅಬುಧಾಬಿ ಮತ್ತು ದುಬೈಗಳಿಂದ ಕೇರಳಕ್ಕೆ ಬಂದವು. ಲಂಡನ್ನಿನಿಂದ ಬೆಂಗಳೂರಿಗೆ ಮೇ 11ರಂದು, ದುಬೈಯಿಂದ ಮಂಗಳೂರಿಗೆ ಮೇ 12ರಂದು ಮೊದಲ ವಿಮಾನ ಬಂದಿಳಿಯಿತು. ಇತ್ತ ನೌಕಾದಳದ ‘ಜಲಾಶ್ವ’ ಎಂಬ ಹಡಗು ಮಾಲ್ಡೀವ್ಸ್ ದ್ವೀಪಗಳಿಂದ 698 ಜನರನ್ನು ಹೊತ್ತು ಮೇ 10ರಂದು ಕೊಚ್ಚಿಯನ್ನು ಸೇರಿತು. ಹೀಗೆ ಹಡಗುಗಳಲ್ಲಿ ಬಂದವರ ಒಟ್ಟು ಸಂಖ್ಯೆ 3,992.

ಇದು ಪುಕ್ಕಟೆಯ ಪ್ರಯಾಣವಾಗಿರಲಿಲ್ಲ. ಲಂಡನ್ನಿನಿಂದ ಬರುವವರು ಸುಮಾರು 50,000 ರೂಪಾಯಿ ತೆರಬೇಕಾಗಿತ್ತು. ಮೊದಲು ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಬೇಕು. ಬಸುರಿಯರು, ವೃದ್ಧರು, ರೋಗಿಗಳು, ಕೆಲಸ ಕಳೆದುಕೊಂಡವರು, ವಿದ್ಯಾರ್ಥಿಗಳು ಮೊದಲಾದವರಿಗೆ ಆದ್ಯತೆ. ಇದು ನ್ಯಾಯವೇ ಸರಿ. ಆದರೆ ಸರದಿಯಲ್ಲಿ ನಿಂತವರ ಪೈಕಿ ಯಾರ ಕಷ್ಟ ಹೆಚ್ಚೆಂದು ತೂಗಿನೋಡುವ ತಕ್ಕಡಿ ಯಾವ ಕಚೇರಿಯಲ್ಲಿದ್ದೀತು? ನಮ್ಮ ತರುಣನು ಮೇ ಮೊದಲ ವಾರದಲ್ಲಿಯೇ ಹೆಸರು ಬರೆಸಿದನು. ಕರೆ ಬಂದದ್ದು ಜೂನ್ ನಡುವಿನಲ್ಲಿ. ಆ ಐದಾರು ವಾರಗಳಲ್ಲಿ ಅವನ ಕೋಣೆಯಿಂದ ಇಬ್ಬರು ಕೇರಳಕ್ಕೆ ಹೊರಟುಹೋದರಂತೆ. ಅವರನ್ನು ಕಳುಹಿಸಿಕೊಟ್ಟು ಬಂದ ರಾತ್ರಿ, ಜಾಗ ಸಾಕಷ್ಟಿದ್ದರೂ, ಮೊದಲಿಗಿಂತ ಕಡಿಮೆ ನಿದ್ದೆ ಬಂದಿತೆಂದು ಅವನು ಮುಂದೆ ನನಗೆ ಹೇಳಿದ.

ದೇಶವು ತನ್ನ ಬಾಗಿಲನ್ನು ಮುಚ್ಚಿದುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. ಸಾಂಕ್ರಾಮಿಕ ರೋಗದ ಕಾಲದಲ್ಲಿ ಪರಸ್ಥಳದಿಂದ ಬಂದವರನ್ನು ಕೆಲವು ದಿನ ಬೇರೆ ಇಡುವುದು ಬಹಳ ಹಳೆಯ ವಿವೇಕ. ಆಡ್ರಿಯಾಟಿಕ್ ಸಮುದ್ರತೀರದ ರಗೂಸಾ ನಗರದವರು 1377ರಲ್ಲಿಯೇ ರೋಗವಿರುವ ಕಡೆಯಿಂದ ಬಂದವರು ಮೂವತ್ತು ದಿನ ಹೊರಗೆ ಇರತಕ್ಕದ್ದೆಂದು ಕಟ್ಟಳೆ ಮಾಡಿದರು. ಮುಂದೆ ಅದು ನಲವತ್ತು ದಿನವಾಯಿತು. ‘ನಲವತ್ತು’ ಎಂಬರ್ಥದ ಇಟಲಿಯ ಮಾತಿನಿಂದಲೇ ನಾವೆಲ್ಲ ಬಾಯಿಪಾಠ ಮಾಡಿದ ‘ಕ್ವಾರಂಟೈನ್’ ಶಬ್ದ ಹುಟ್ಟಿತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಅದರ ಬೆನ್ನಿಗೇ 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿಯೂ ನಮ್ಮ ಸರ್ಕಾರಗಳು ಕೈಗೆತ್ತಿಕೊಂಡವು. ಬಂದವನನ್ನು ಕೆಲವು ದಿನ ಪ್ರತ್ಯೇಕವಾಗಿಡುವುದು ಬೇರೆ, ಬರಲೇಬೇಡವೆನ್ನುವುದು ಬೇರೆ. ರಗೂಸಾದವರೂ ಹೊರಗೆ ಕಾಯಿರೆಂದರೇ ಹೊರತು, ಎಂದೆಂದಿಗೂ ಒಳಗೆ ಬರಬೇಡಿರೆನ್ನಲಿಲ್ಲ.

ಈ ಎರಡರ ನಡುವಿನ ಗೆರೆಯನ್ನು ಶ್ರೀಮಂತ ದೇಶಗಳೂ ಅಳಿಸಿದ್ದುಂಟು. 2021ರ ಮೇ 3ರಿಂದ 15ರ ತನಕ, ಭಾರತದಿಂದ ಬರುವ ತನ್ನ ಪ್ರಜೆಗಳನ್ನೇ ಆಸ್ಟ್ರೇಲಿಯವು ತಡೆಯಿತು. ಮೀರಿ ಬಂದವರಿಗೆ ಐದು ವರ್ಷಗಳ ತನಕ ಸೆರೆವಾಸ ವಿಧಿಸಬಹುದೆಂದು ಎಚ್ಚರಿಸಿತು. ಆಗ ಭಾರತದಲ್ಲಿ ಸಿಕ್ಕಿಕೊಂಡಿದ್ದ ಆಸ್ಟ್ರೇಲಿಯದ ಪ್ರಜೆಗಳು ಸುಮಾರು 9,000. ಅವರಲ್ಲಿ ಬಹುಮಂದಿ ಮುಪ್ಪಿನ ತಂದೆತಾಯಿಯರನ್ನು ನೋಡಲು ಬಂದಂಥ ನಮ್ಮವರೇ. ನ್ಯೂಜಿಲೆಂಡಿನಲ್ಲಿ ಕ್ವಾರಂಟೈನ್ ಕೋಣೆಗಳು ಸಾಲದೆ, ಸ್ವದೇಶಕ್ಕೆ ಮರಳುವ ಸರದಿಯನ್ನು 2021ರಲ್ಲಿ ಲಾಟರಿ ಎತ್ತಿ ನಿರ್ಣಯಿಸುತ್ತಿದ್ದರು. ಆ ಏರ್ಪಾಡು ಕೆಲವರ ವಿಷಯದಲ್ಲಿ ಪ್ರಜೆಯ ಹಕ್ಕಿಗೆ ಅನ್ಯಾಯವಾಗಿ ಧಕ್ಕೆ ತಂದಿತೆಂದು ಅಲ್ಲಿನ ಹೈಕೋರ್ಟು 2022ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಮನೆಗೆ ಹೋಗುವುದಕ್ಕೆ ಅದೃಷ್ಟಚೀಟಿ! ಕಥೆಗಾರನು ಬರೆದಿದ್ದರೆ ಅಸಂಭವವೆಂದು ಸಂಪಾದಕರು ಹಿಂದಿರುಗಿಸುತ್ತಿದ್ದರು.

ದೂರದ ದೇಶಗಳನ್ನು ಆಡಿಕೊಳ್ಳುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಆ ಮಾರ್ಚಿನಲ್ಲಿ ಕೇರಳದ ಕಾಸರಗೋಡಿನಿಂದ ಮಂಗಳೂರಿಗೆ ಬರುವ ದಾರಿಗಳನ್ನು ಕರ್ನಾಟಕವು ಮುಚ್ಚಿತು. ರಸ್ತೆಗೆ ಮಣ್ಣು ಸುರಿದದ್ದೂ ಆಯಿತು. ಕಾಸರಗೋಡಿನವರಿಗೆ, ಅಲ್ಲಿನ ಕನ್ನಡಿಗರಿಗೂ, ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರೇ. ತಲಪಾಡಿಯ ಗಡಿಯನ್ನು ದಾಟಲಾರದೆ ಚಿಕಿತ್ಸೆಯಿಲ್ಲದೆ ರೋಗಿಗಳು ತೀರಿಕೊಂಡರೆಂಬ ವಾರ್ತೆಗಳು ಒಂದರ ಮೇಲೊಂದು ಬಂದವು. ಕೇರಳದ ಹೈಕೋರ್ಟು ಏಪ್ರಿಲ್ 1ರಂದು ತಡೆಯನ್ನು ತೆಗೆಸಬೇಕೆಂದು ಕೇಂದ್ರಕ್ಕೆ ಆದೇಶಿಸಿತು. ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡುವ ಕ್ರಮವೊಂದು ಏಪ್ರಿಲ್ 7ರ ಹೊತ್ತಿಗೆ ಗೊತ್ತಾಯಿತು. ಮೇ 18ರಂದು ನಮ್ಮ ರಾಜ್ಯವು ಮಹಾರಾಷ್ಟ್ರ, ಗುಜರಾತು, ತಮಿಳುನಾಡು, ಕೇರಳಗಳಿಂದ ಬರುವವರನ್ನು ತಿಂಗಳ ಕೊನೆಯ ತನಕ ಒಳಗೆ ಬಿಡಲಾಗದೆಂದಿತು. ಮುಂಬಯಿಯಲ್ಲಿ ದುಡಿಯಲು ಹೋಗಿದ್ದ ನಮ್ಮದೇ ಹಳ್ಳಿಗಳ ಮಕ್ಕಳಿಗೂ ಅದು ಅನ್ವಯಿಸಿತು.

ಬಳ್ಳಾರಿಯವರಿಗಂತೂ ಗಡಿಯೆಂಬುದು ಭೂಪಟದ ಗೆರೆಯಷ್ಟೇ ಆಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪಗಳು ಮೈಸೂರು ರಾಜ್ಯಕ್ಕೂ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದಾಗ ಹಂಚಿಹೋದದ್ದು ತಾಲ್ಲೂಕುಗಳೇ ಹೊರತು ಸಂಬಂಧಗಳಲ್ಲ. ಇಂದಿಗೂ ನಮ್ಮಲ್ಲಿ ಹೆಣ್ಣು ಕೊಡುವಾಗ ಯಾರೂ ರಾಜ್ಯವನ್ನು ಕೇಳುವುದಿಲ್ಲ. ಗುಂತಕಲ್ಲಿನ ಮೇಲೆ ಬೆಂಗಳೂರಿಗೆ ಹೋಗುವ ನಮ್ಮ ರೈಲು ಆಂಧ್ರವನ್ನು ಹಾದೇ ಹೋಗಬೇಕು. 2020ರಲ್ಲಿ ಆ ಗೆರೆಯ ಮೇಲೆ ಚೆಕ್‌ಪೋಸ್ಟು ಎದ್ದಾಗ, ಆದವಾನಿಗೆ ಕೊಟ್ಟ ಮಗಳು ಪರದೇಶದಲ್ಲಿರುವಳೆಂಬುದು ಸಿರುಗುಪ್ಪದ ಎಷ್ಟೋ ಮನೆಗಳಿಗೆ ಮೊದಲ ಬಾರಿಗೆ ತಿಳಿಯಿತು.

ಇನ್ನು ನಮ್ಮ ತರುಣನ ಕಥೆಗೆ ಮರಳೋಣ. ಮೇ ಕೊನೆಯ ವೇಳೆಗೆ ನಿಯಮ ಹೀಗಿತ್ತು: ಹೊರದೇಶದಿಂದ ಬಂದವರು ಏಳು ದಿನ ತಮ್ಮ ಖರ್ಚಿನಲ್ಲಿ ಸರ್ಕಾರ ಹೇಳಿದ ಕಡೆ ಇರತಕ್ಕದ್ದು, ಇನ್ನೇಳು ದಿನ ಮನೆಯಲ್ಲಿ. ಬೆಂಗಳೂರಿನ ಹೋಟೆಲೊಂದರಲ್ಲಿ ಏಳು ದಿನ ಕಳೆದು, ಪರೀಕ್ಷೆಯಲ್ಲಿ ರೋಗವಿಲ್ಲವೆಂದು ಖಚಿತವಾದ ಮೇಲೆ, ಬಾಡಿಗೆಯ ಕಾರಿನಲ್ಲಿ ಅವನು ಬಳ್ಳಾರಿಗೆ ಬಂದಿಳಿದನು. ಕೈಯ ಮೇಲೆ ಮೊಹರು ಇತ್ತು. ಮತ ಹಾಕಿದ ಬೆರಳಿಗೆ ಹಚ್ಚುವಂಥ, ಅಳಿಸಲಾಗದ ಶಾಯಿಯ ಮೊಹರು. ಪ್ರಜೆಯೆಂದು ಗುರುತಿಸಲು ಬಳಸುವಂಥ ಶಾಯಿಯೇ ಅವನನ್ನು ದೂರವಿಡಲು ಬಂದಿತ್ತು. ಮರುದಿನ ಬಾಗಿಲಿಗೆ ಒಂದು ಕಾಗದವನ್ನು ಅಂಟಿಸಿ ಹೋದರು. ಅದಕ್ಕೂ ಮೊದಲು, ಮಾರ್ಚ್ ತಿಂಗಳಲ್ಲಿಯೇ, ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರ ಬಹಿರಂಗಪಡಿಸಿತ್ತಷ್ಟೆ. ಆ ಪಟ್ಟಿಯನ್ನು ಓದಿ ಓದಿ, ಹೊರಗಿನಿಂದ ಬಂದವನೆಂದರೆ ಮನುಷ್ಯನ ರೂಪದ ರೋಗವೆಂಬ ಭಾವನೆ ನಮ್ಮೆಲ್ಲರ ಮನಸ್ಸಿನಲ್ಲಿ ಬೇರೂರಿತ್ತು.

ಹಾಲಿನವನು ಆ ಮನೆಗೆ ಬರುವುದನ್ನು ಬಿಟ್ಟನು. ಕುಡಿಯುವ ನೀರಿನ ಕ್ಯಾನು ತರುವ ಹುಡುಗನು ಓಣಿಯ ತುದಿಯಲ್ಲಿಯೇ ಇಳಿಸಿ ಹೋದನು. ಓಣಿಯ ಹಿರಿಯರಿಬ್ಬರು ಬಂದು, “ಇನ್ನೊಂದು ಹದಿನೈದು ದಿನ ಬೆಂಗಳೂರಲ್ಲೇ ಇಟ್ಟಿದ್ದರೆ ಏನಾಗುತ್ತಿತ್ತು?” ಎಂದು ತಾಯಿಯನ್ನು ಕೇಳಿದರು. ಆಕೆ ಅವರಿಗೆ ಉತ್ತರ ಕೊಡಲಿಲ್ಲ. ಅವರು ಹೋದ ಮೇಲೆ ಗೋಡೆಯ ಈಚೆ ಇದ್ದ ನನ್ನ ಕಡೆ ತಿರುಗಿ, “ಬಂದಾತ ನನ್ನ ಮಗನೋ ರೋಗವೋ, ಓದಿದವರು ನೀವೇ ಹೇಳ್ರಿ ಸರ್” ಎಂದರು.

ನಾನೇನು ಹೇಳಿದೆನೆಂದು ಓದುಗರು ಕೇಳಬಹುದು. “ಜನಕ್ಕೆ ತಿಳಿವಳಿಕೆ ಕಡಿಮೆ, ಅವ್ವಾ” ಎಂದೆ. ಅಂದು ಸಂಜೆ ನಮ್ಮ ಮನೆಯ ಆ ಕಡೆಯ ಕಿಟಕಿಯನ್ನು ಮುಚ್ಚಿದೆ. ಗಾಳಿಯಲ್ಲಿ ಗೋಡೆ ದಾಟಿ ಬರುವ ರೋಗವೇನೂ ಆ ಮನೆಯಲ್ಲಿರಲಿಲ್ಲ. ಪರೀಕ್ಷೆಯ ವರದಿಯನ್ನು ಆತ ನನಗೇ ತೋರಿಸಿದ್ದ. ಆದರೂ ಮುಚ್ಚಿದೆ. ಮಗಳು ಏಕೆಂದು ಕೇಳಿದಾಗ ಸೊಳ್ಳೆ ಎಂದೆ. ತಿಳಿವಳಿಕೆ ಕಡಿಮೆಯಿದ್ದುದು ಯಾರಿಗೆಂಬುದು ಇಷ್ಟರಿಂದಲೇ ವಿದಿತವಾದೀತು.

ಮನೆಯ ಏಳು ದಿನಗಳೂ ಮುಗಿದವು. ಕುರುಗೋಡಿಗೆ ಬಳ್ಳಾರಿಯಿಂದ ಗಂಟೆಯೊಳಗಿನ ದಾರಿ. ಮಗನನ್ನು ನೋಡಲು ಅವನು ಹೊರಟು ನಿಂತಾಗ ಮಾವನ ಫೋನು ಬಂದಿತು. ಓಣಿಯವರು ಒಪ್ಪುತ್ತಿಲ್ಲ, ಇನ್ನೂ ಹದಿನೈದು ದಿನ ತಡೆಯಬೇಕಂತೆ. ಮಾವ ಕೆಟ್ಟವರಲ್ಲ, ಆದರೆ ಅವರೂ ಆ ಓಣಿಯಲ್ಲೇ ಬಾಳಬೇಕಲ್ಲ! ಇವನು ತಡೆಯಲಾರದೆ ಬೈಕಿನಲ್ಲಿ ಹೋಗಿ ಊರ ಹೊರಗಿನ ಬೇವಿನ ಮರದ ಕೆಳಗೆ ನಿಂತನು. ಮಾವ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು, ಕೂಗಳತೆಯ ದೂರದಲ್ಲಿ ನಿಂತರು. ಮೊಬೈಲಿನಲ್ಲಿ ದಿನವೂ ‘ಅಪ್ಪಾ’ ಎನ್ನುತ್ತಿದ್ದ ಮಗು, ಮುಖಕ್ಕೆ ಬಟ್ಟೆ ಕಟ್ಟಿದ ಈ ಮನುಷ್ಯನನ್ನು ಗುರುತಿಸಲಿಲ್ಲ. ಇವನು ಬಟ್ಟೆಯನ್ನು ಕೆಳಗಿಳಿಸಲು ಹೋದಾಗ ದೂರದಿಂದ ಯಾರೋ ಗದರಿದರು. ಕೈಬೀಸಿ ಹಿಂದಿರುಗಿದ. ದುಬೈಯಿಂದ ಬೆಂಗಳೂರಿಗೆ ಬರಲು ಅವನಿಗೆ ಹಿಡಿದದ್ದು ನಾಲ್ಕು ಗಂಟೆಯೂ ಅಲ್ಲ.

ಅಂದು ರಾತ್ರಿ ಸಿರುಗುಪ್ಪದಿಂದ ಸೋದರಮಾವ ಫೋನು ಮಾಡಿದರು. ಎಪ್ಪತ್ತು ದಾಟಿದ ರೈತರು, ಓದು ಹೆಚ್ಚಿಲ್ಲ. “ನಮ್ಮ ಗದ್ದೆಗೆ ಬಾರಪ್ಪಾ. ಪಂಪಿನ ಮನೆ ಖಾಲಿ ಐತಿ. ಊರೂ ಹೆದರೋದಿಲ್ಲ, ನೀನೂ ಒಬ್ಬನೇ ಆಗೋದಿಲ್ಲ” ಎಂದರು. ಅವರ ಅಜ್ಜನ ಕಾಲದಲ್ಲಿ ಪ್ಲೇಗು ಬಂದಾಗ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದಿತಂತೆ. ಆ ಕಥೆಯನ್ನು ಕೇಳಿ ಬೆಳೆದವರಿಗೆ ಊರ ಹೊರಗಿರುವುದು ಶಿಕ್ಷೆಯಾಗಿ ತೋರದೆ, ರೋಗದ ಕಾಲದ ಒಂದು ಪದ್ಧತಿಯಾಗಿ ತೋರಿತು. ಇವನು ಹೋದನು. ಕಾಲುವೆಯ ನೀರಿಗಾಗಿ ಸಿರುಗುಪ್ಪದ ರೈತರು ಎದುರು ನೋಡುವ ಭತ್ತದ ಸಸಿಮಡಿಯ ಕಾಲ ಅದು. ಎರಡು ಹೊತ್ತೂ ಬುತ್ತಿ ಬರುತ್ತಿತ್ತು. ಬದುವಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಆದರೆ ಇಟ್ಟು ಹೊರಟುಹೋಗುತ್ತಿರಲಿಲ್ಲ. ಮುದುಕರು ಹತ್ತು ಮಾರು ದೂರದಲ್ಲಿ ಟವೆಲು ಹಾಸಿಕೊಂಡು, ಅವನು ಉಂಡು ಮುಗಿಸುವ ತನಕ ಮಳೆಯ ವಿಷಯ, ದುಬೈಯ ಬಿಸಿಲಿನ ವಿಷಯ ಮಾತಾಡುತ್ತ ಕುಳಿತಿರುತ್ತಿದ್ದರು. ಹದಿನಾರನೆಯ ದಿನ ಹೆಂಡತಿ ಮಗುವನ್ನು ಕರೆದುಕೊಂಡು ಅಲ್ಲಿಗೇ ಬಂದಳು. ಮಗು ಹತ್ತಿರ ಬರಲು ಇನ್ನೂ ಎರಡು ದಿನ ಹಿಡಿಯಿತಂತೆ. ಆದರೆ ಅದು ಸರ್ಕಾರದ ನಿಯಮವೂ ಅಲ್ಲ, ಓಣಿಯ ನಿಯಮವೂ ಅಲ್ಲ.

ಈ ಸಂಗತಿಯನ್ನು ಕುರಿತು ನಾನು ಹಲವು ಸಲ ಯೋಚಿಸಿದ್ದೇನೆ. ಹತ್ತು ಮಾರು ದೂರವನ್ನು ಸೋದರಮಾವನೂ ಬಿಡಲಿಲ್ಲ. ವೈದ್ಯರು ಹೇಳಿದುದಕ್ಕಿಂತ ಹೆಚ್ಚೇ ಪಾಲಿಸಿದರು. ನಾವು ಓಣಿಯವರು ಪಾಲಿಸಿದ್ದೂ ದೂರವನ್ನೇ. ವ್ಯತ್ಯಾಸವಿಷ್ಟೆ: ಅವರು ದೂರದಲ್ಲಿ ಕುಳಿತರು, ನಾವು ದೂರಕ್ಕೆ ಹೋದೆವು. 1990ರಲ್ಲಿ ಕುವೈತಿನ ಮೇಲೆ ಯುದ್ಧ ಬಿದ್ದಾಗ ಲಕ್ಷಕ್ಕೂ ಮಿಕ್ಕಿದ ಭಾರತೀಯರನ್ನು ಅಮ್ಮಾನ್ ನಗರದ ಮೂಲಕ ವಿಮಾನಗಳಲ್ಲಿ ಕರೆತಂದರು. ಯುದ್ಧದಿಂದ ಬಂದವನು ಕಥೆಯನ್ನು ತರುತ್ತಾನೆ, ಅವನ ಸುತ್ತ ಜನ ಕೂಡುತ್ತಾರೆ. ರೋಗದ ನಾಡಿನಿಂದ ಬಂದವನು ನಮ್ಮ ಭಯವನ್ನೇ ನಮಗೆ ತೋರಿಸುತ್ತಾನೆ. ಆದ್ದರಿಂದ ಅವನ ಮುಖವನ್ನು ನೋಡಲು ನಾವು ಇಚ್ಛಿಸುವುದಿಲ್ಲ. ಮೊದಲ ಬಾಗಿಲನ್ನು ತೆರೆಯಿರೆಂದು ಸರ್ಕಾರವನ್ನು ಕೇಳಲು ನಮಗೆ ಹಕ್ಕುಂಟು, ನ್ಯಾಯಾಲಯಗಳೂ ಉಂಟು. ಎರಡನೆಯ ಬಾಗಿಲಿಗೆ ಯಾವ ನ್ಯಾಯಾಲಯದ ಆಜ್ಞೆಯೂ ತಲುಪುವುದಿಲ್ಲ. ಅದರ ಬೀಗದ ಕೈ ನೆರೆಯವರಾದ ನಮ್ಮ ಸೊಂಟದಲ್ಲಿಯೇ ಇದೆ. ಇಂಥ ರೋಗ ಇನ್ನೊಮ್ಮೆ ಬಾರದೆಂದು ಯಾರೂ ಭರವಸೆ ಕೊಟ್ಟಿಲ್ಲ. ಆದ್ದರಿಂದ ಆ ಬೀಗದ ಕೈಯನ್ನು ಈಗಲೇ ತಡವಿ ನೋಡಿಕೊಳ್ಳುವುದು ಒಳಿತು.

ಕೊನೆಗೊಂದು ಮಾತು. ಸಿರುಗುಪ್ಪಕ್ಕೆ ಹೊರಟ ಬೆಳಿಗ್ಗೆ ಆ ತರುಣನು ಒಂದು ಖರ್ಜೂರದ ಪೊಟ್ಟಣವನ್ನು ಗೋಡೆಯ ಮೇಲಿಟ್ಟು, “ಸರ್, ಪಾಪುಗೆ” ಎಂದು ಕೂಗಿ ಹೋಗಿದ್ದನು. ಅದನ್ನು ನಾನು ಕೈಯಿಂದ ಮುಟ್ಟಲಿಲ್ಲ. ಬಿಸಿಲಿಗೆ ರೋಗಾಣು ಸಾಯುವುದೆಂದು ಯಾರೋ ಹೇಳಿದ್ದ ಮಾತನ್ನು ನಂಬಿ ಮೂರು ದಿನ ಅಲ್ಲಿಯೇ ಬಿಟ್ಟೆ. ನಾಲ್ಕನೆಯ ದಿನ ನೋಡಿದರೆ ಇರುವೆಗಳು ಸಾಲುಗಟ್ಟಿ ಪೊಟ್ಟಣವನ್ನು ಖಾಲಿ ಮಾಡುತ್ತಿದ್ದವು. ಅವುಗಳಿಗಿದ್ದ ಧೈರ್ಯ ನನಗಿರಲಿಲ್ಲ. “ಹೇಗಿತ್ತು ಸರ್?” ಎಂದು ಅವನು ಮುಂದೆ ಕೇಳಿದಾಗ, “ಬಹಳ ಸಿಹಿ” ಎಂದು ಸುಳ್ಳು ಹೇಳಿದೆ.

ಅವನು ಮತ್ತೆ ದುಬೈಗೆ ಹೋಗಿ ಬೇರೆ ಕೆಲಸ ಹಿಡಿದಿದ್ದಾನೆ. ಕಳೆದ ಸಲ ರಜಕ್ಕೆ ಬಂದಾಗಲೂ ಖರ್ಜೂರ ತಂದಿದ್ದ. ಗೋಡೆಯ ಮೇಲಿಡಲು ಹೋದವನನ್ನು ತಡೆದು, ನಾನೇ ಸುತ್ತುಹಾಕಿ ಅವರ ಬಾಗಿಲಿಗೆ ಹೋಗಿ ಕೈಯೊಡ್ಡಿ ಈಸಿಕೊಂಡೆ. ಅಲ್ಲಿಯೇ ನಿಂತು ಒಂದನ್ನು ಬಾಯಿಗೆ ಹಾಕಿಕೊಂಡೆ. ನಿಜವಾಗಿಯೂ ಬಹಳ ಸಿಹಿಯಾಗಿತ್ತು. ಅಂದು ಮುಚ್ಚಿದ ಕಿಟಕಿಯ ಸಾಲ ಇಷ್ಟಕ್ಕೇ ತೀರಿತೆಂದು ನಾನು ತಿಳಿದುಕೊಂಡಿಲ್ಲ.